ಅಂಗಳ ಯಾರದು?

ಕಳೆದ ಆಷಾಢದ ಒಂದು ಸಂಜೆ ರಸೀದಿ ಪುಸ್ತಕವನ್ನು ಸೆರಗಿನಡಿ ಹಿಡಿದುಕೊಂಡು ಹುಮನಾಬಾದಿನ ನಮ್ಮ ಓಣಿಯ ಮನೆ ಮನೆ ಹತ್ತಿ ಇಳಿದೆ. ಪಟ್ಟಿ ಎತ್ತುವುದು ನನಗೇನೂ ಹೊಸದಲ್ಲ. ಶ್ರಾವಣದ ಪುರಾಣಕ್ಕೆ, ಗಣಪತಿಗೆ, ಜನವರಿಯಲ್ಲಿ ನಡೆಯುವ ವೀರಭದ್ರೇಶ್ವರ ಜಾತ್ರೆಗೆ ಬರುವವರ ಊಟಕ್ಕೆ ಎಂದು ಎಷ್ಟೋ ಸಲ ಹೋಗಿದ್ದೇನೆ. ಆಗೆಲ್ಲ ಕೂತಲ್ಲೇ ಚಹಾ ಬರುತ್ತಿತ್ತು, ಕೇಳಿದ್ದಕ್ಕಿಂತ ಹತ್ತು ರೂಪಾಯಿ ಹೆಚ್ಚೇ ಸೇರುತ್ತಿತ್ತು. ಈ ಸಲ ಚಹಾ ಬಂತು, ದುಡ್ಡು ಬರಲಿಲ್ಲ. ಯಾಕೆಂದರೆ ಈ ಸಲ ನಾನು ಕೇಳಿದ್ದು ಹುಡುಗಿಯರ ಆಟಕ್ಕೆ.

ನಮ್ಮಲ್ಲಿ ಖೋ-ಖೋ ಆಡುವ ಹುಡುಗಿಯರ ಒಂದು ಗುಂಪಿದೆ. ಅದಕ್ಕೆ ಬೋರ್ಡಿಲ್ಲ, ಉದ್ಘಾಟನೆ ಆಗಿಲ್ಲ, ಅಧ್ಯಕ್ಷರ ಹಾರದ ಫೋಟೊ ಇಲ್ಲ. ಹತ್ತರಿಂದ ಹದಿನೇಳು ವಯಸ್ಸಿನ ಒಂದಿಷ್ಟು ಮಕ್ಕಳು, ಅವರಿಗೆ ಕಲಿಸುವ, ಪದವಿ ಮುಗಿಸಿ ನೌಕರಿ ಹುಡುಕುತ್ತಿರುವ ಒಬ್ಬ ಹುಡುಗಿ, ಇಷ್ಟೇ. ನನ್ನ ಮೊಮ್ಮಗಳು ಅದರಲ್ಲಿ ಆಡುತ್ತಾಳೆ. ಅಜ್ಜಿಗೆ ಲೆಕ್ಕ ಬರೆಯಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಖಜಾಂಚಿ ಮಾಡಿದ್ದಾರೆ. ಮೂರು ವರ್ಷ ಅವರು ಊರ ಹೊರಗಿನ ಒಂದು ಖಾಲಿ ಜಾಗದಲ್ಲಿ ಕಲ್ಲು ಆರಿಸಿ, ಎರಡು ಕಂಬ ನೆಟ್ಟು, ಸುಣ್ಣದ ಗೆರೆ ಎಳೆದು ಆಡಿದರು. ಜೂನ್ ತಿಂಗಳ ಬಿರುಗಾಳಿಗೆ ಸಾಮಾನು ಇಡುವ ತಗಡಿನ ಶೆಡ್ಡು ಮಗುಚಿ ಬಿತ್ತು. ಅದನ್ನು ಎತ್ತಿ ನಿಲ್ಲಿಸುವ ಮೊದಲೇ ಒಂದು ಬೆಳಿಗ್ಗೆ ಜಾಗದ ಸುತ್ತ ತಂತಿ ಬೇಲಿ ಬಂತು. ಪ್ಲಾಟು ಬೀಳುತ್ತವಂತೆ. ಕಂಬಗಳನ್ನು ಕಿತ್ತು ರಸ್ತೆಯ ಬದಿ ಎಸೆದಿದ್ದರು. ಜಾಗ ಅವರದು, ಬೇಲಿ ಹಾಕುವ ಹಕ್ಕೂ ಅವರದು. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಂಬ ಹೊತ್ತುಕೊಂಡು ಹುಡುಗಿಯರು ಎಲ್ಲಿಗೆ ಹೋಗಬೇಕು? ಒಂದು ಶಾಲೆಯ ಬಯಲು ಕೇಳಿದೆವು. ಐದು ಗಂಟೆಗೆ ಗೇಟಿಗೆ ಬೀಗ ಎಂದರು. ದೊಡ್ಡ ಬಯಲಿಗೆ ಹೋದರೆ ಅಲ್ಲಿ ಗಂಡುಹುಡುಗರ ನಾಲ್ಕು ಕ್ರಿಕೆಟ್ ಆಟ ಒಂದರ ಮೇಲೊಂದು ನಡೆದಿರುತ್ತವೆ. ಚೆಂಡು ಹಣೆಗೆ ಬಡಿದರೆ ಯಾರು ಹೊಣೆ?

ಹೀಗೆ ರಸೀದಿ ಪುಸ್ತಕ ಹಿಡಿದು ಹೊರಟೆ. ಬಾಡಿಗೆಗೆ ಒಂದು ಜಾಗ, ಹೊಸ ಕಂಬ, ಮಂಡಿಗೆ ಕಟ್ಟುವ ಪಟ್ಟಿ, ಪಂದ್ಯಕ್ಕೆ ಹೋಗಿ ಬರಲು ಬಸ್ಸಿನ ಖರ್ಚು. ಒಂದು ಮದುವೆಯ ಮೆರವಣಿಗೆಯ ಪಟಾಕಿಯ ದುಡ್ಡಿನಲ್ಲಿ ವರ್ಷ ಕಳೆಯುವ ಸಂಸಾರ ಅದು. ಉತ್ತರಗಳು ಮಾತ್ರ ಮನೆ ಮನೆಗೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು.

"ಗಣಪತಿಗಿ ಬರ್ರಿ ಬಾಯಾರ, ಇಲ್ಲ ಅನ್ನಲ್ಲ."

"ಇವೆಲ್ಲ ಸರ್ಕಾರದವರು ಮಾಡಬೇಕ್ರಿ."

"ನಾಳಿ ಮದಿ ಆಗಿ ಹೋಗೋರು, ಓಡ್ಯಾಡಿ ಏನ್ ಮಾಡ್ತಾರ?"

ಮೂರನೆಯದನ್ನು ಹೇಳಿದವರಲ್ಲಿ ಹೆಚ್ಚಿನವರು ಹೆಂಗಸರು. ಅದಕ್ಕೇ ಈ ಬರೆಹ. ಅಕ್ಕ-ತಂಗಿಯರೇ, ಒಂದಿಷ್ಟು ಜಗಳ ಆಡೋಣ.

ಮೊದಲನೆಯ ಉತ್ತರದಿಂದ ಶುರು ಮಾಡುತ್ತೇನೆ. ನಮ್ಮ ಊರುಗಳು ಕೊಡುವುದರಲ್ಲಿ ಜಿಪುಣ ಊರುಗಳಲ್ಲ. ನನ್ನ ತವರು ಬಸವಕಲ್ಯಾಣ, ಗಂಡನ ಮನೆ ಹುಮನಾಬಾದು. ಎರಡೂ ಊರಿನ ಕೈ ನಾನು ಬಲ್ಲೆ. ಮಾಣಿಕ ನಗರದ ಮಾಣಿಕಪ್ರಭುಗಳ ದರ್ಶನಕ್ಕೆ ಬಂದ ಪರ ಊರಿನವರಿಗೆ ಊಟವಾಯಿತೇ ಎಂದು ಕೇಳದೆ ಕಳಿಸಿದವರು ನಾವಲ್ಲ. ಹೀಗಿದ್ದೂ ಹುಡುಗಿಯರ ಆಟ ಎಂದ ಕೂಡಲೇ ಗಂಟು ಬಿಗಿಯಾಗುವುದು ಯಾಕೆ? ಯಾಕೆಂದರೆ ದೇವರಿಗೆ ಕೊಟ್ಟರೆ ಪುಣ್ಯ, ಬಡವರಿಗೆ ಕೊಟ್ಟರೆ ದಾನ, ಹುಡುಗಿಯರ ಆಟಕ್ಕೆ ಕೊಟ್ಟರೆ ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ.

ಇಲ್ಲವೆ? ಕಲ್ಯಾಣದವರ ಬಾಯಿಂದ ಈ ಮಾತು ಬರಬಾರದು. ದಾನ ಬೇರೆ, ದಾಸೋಹ ಬೇರೆ ಎಂದು ನಾಡಿಗೆ ಕಲಿಸಿದ ಊರು ಅದು. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ದುಡಿದು ಬಂದದ್ದರಲ್ಲಿ ಸಮಾಜದ ಪಾಲನ್ನು ಸಮಾಜಕ್ಕೆ ಒಪ್ಪಿಸುವುದು. ಮಹಾಮನೆಯ ದಾಸೋಹದ ಭಾರ ಹೊತ್ತವಳು ಅಕ್ಕನಾಗಮ್ಮ ಎನ್ನುತ್ತಾರೆ. ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ತಿರುಗಿ ಸುರಿದು ಬಾ ಎಂದವಳು ಆಯ್ದಕ್ಕಿ ಲಕ್ಕಮ್ಮ. ಲೆಕ್ಕ ಯಾರದು, ಯಾರ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಕಲ್ಯಾಣದಲ್ಲಿ ಹೆಂಗಸರೇ ಎತ್ತಿದ್ದರು. ನಾವು 108 ಅಡಿಯ ಬಸವಣ್ಣನ ಮೂರ್ತಿಯ ಮುಂದೆ ನಿಂತು ಕತ್ತು ನೋಯುವಷ್ಟು ಮೇಲೆ ನೋಡುತ್ತೇವೆ. ಕಾಲ ಬಳಿ ಆಡುವ ಜಾಗ ಹುಡುಕುತ್ತ ನಿಂತ ಹುಡುಗಿ ಕಾಣುವುದಿಲ್ಲ. ರಸೀದಿ ಪುಸ್ತಕ ಹಿಡಿದು ಬಂದವಳು ಭಿಕ್ಷೆಗೆ ಬಂದವಳಲ್ಲ, ನಿಮ್ಮ ಮನೆಯ ಮಗಳ ಪಾಲನ್ನು ನಿಮ್ಮಿಂದಲೇ ಕೇಳಲು ಬಂದವಳು.

ಆಟಕ್ಕೂ ನಮ್ಮ ಊರಿಗೂ ಏನು ಸಂಬಂಧ ಎನ್ನುವವರಿಗೆ ಇನ್ನೊಂದು ಮಾತು. ಕಲ್ಯಾಣದಲ್ಲಿ ಕೂತು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದ. ಅದರ ಐದು ಭಾಗಗಳಲ್ಲಿ ಎರಡು ಭಾಗ ವಿನೋದ ಮತ್ತು ಕ್ರೀಡೆಗೇ ಮೀಸಲು. ಮಲ್ಲರಿಗೆ ಏನು ತಿನ್ನಿಸಬೇಕು, ಹೇಗೆ ಸಾಮು ಮಾಡಿಸಬೇಕು ಎಂಬುದೆಲ್ಲ ಅದರಲ್ಲಿದೆ. ಬೇಳೆ, ಮಾಂಸ, ಹಾಲು, ಸಕ್ಕರೆ, ಸಿಹಿ ಭಕ್ಷ್ಯ ಇವೆಲ್ಲ ಅರಸನ ಖರ್ಚಿನಲ್ಲಿ ಮಲ್ಲರಿಗೆ ಸಲ್ಲಬೇಕು. ಅಂದರೆ ಒಂಬೈನೂರು ವರ್ಷಗಳ ಹಿಂದೆಯೇ ಆಟಗಾರನ ಹೊಟ್ಟೆ ಊರಿನ ಹೊಣೆ ಎಂದು ನಮ್ಮ ಕಲ್ಯಾಣಕ್ಕೆ ಗೊತ್ತಿತ್ತು. ಆ ಪುಟಗಳಲ್ಲಿ ಹೆಂಗಸರ ಮಾತೂ ಬರುತ್ತದೆ: ಮಲ್ಲರನ್ನು ಅರಮನೆಯ ಹೆಂಗಸರಿಂದ ದೂರ ಇಡಬೇಕು ಎಂದು! ಅದೊಂದು ಸಾಲನ್ನು ಮಾತ್ರ ನಮ್ಮ ಊರು ಇಂದಿಗೂ ನಿಷ್ಠೆಯಿಂದ ಪಾಲಿಸುತ್ತಿದೆ. ಜಾತ್ರೆಯಲ್ಲಿ ಕುಸ್ತಿ ಗೆದ್ದವನಿಗೆ ಬೆಳ್ಳಿಯ ಕಡಗ ತೊಡಿಸಿ ಹೆಗಲ ಮೇಲೆ ಹೊತ್ತು ತಿರುಗುತ್ತಾರೆ. ನಾವು ಮಾಳಿಗೆಯ ಮೇಲೆ ನಿಂತು ನೋಡುತ್ತೇವೆ. ಅದೇ ಸೋಮೇಶ್ವರನ ತಂದೆಯ ಹೊಗಳಿಕೆಯನ್ನು ಕಲ್ಲಿನ ಮೇಲೆ ಬರೆಯುತ್ತಿರುವ ಶಿಲಾಬಾಲಿಕೆ ನಮ್ಮ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯಲ್ಲಿದ್ದಾಳೆ. ಕಲ್ಲಿನ ಹುಡುಗಿ ಬೀದಿಗೆ ಮುಖ ಮಾಡಿ ಅಷ್ಟು ಗತ್ತಿನಿಂದ ನಿಲ್ಲಬಹುದು, ರಕ್ತ ಮಾಂಸದ ಹುಡುಗಿ ನಿಲ್ಲಬಾರದು!

ಇನ್ನು ಎರಡನೆಯ ಉತ್ತರ: ಸರ್ಕಾರ ಮಾಡಲಿ. ಮಾಡಲಿ, ಬೇಡ ಎಂದವರಾರು? ಬಿಡದೆ ಕೇಳೋಣ. ಆದರೆ ಸರ್ಕಾರ ಯಾವಾಗ ಬರುತ್ತದೆ ಎಂಬುದನ್ನು ನೋಡಿ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಖೋ-ಖೋದ ಮೊದಲ ವಿಶ್ವಕಪ್ ನಡೆಯಿತು. 19ರಂದು ನಡೆದ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದಳು. ಗೆದ್ದ ಗಂಡಸರ ತಂಡದಲ್ಲಿ ಎಂ.ಕೆ. ಗೌತಮ್ ಇದ್ದ. ನಮ್ಮ ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಎಂದಿತು. ಚೈತ್ರಾ ಮತ್ತು ಗೌತಮ್ ಇಬ್ಬರೂ ಆ 5 ಲಕ್ಷವನ್ನು ಒಲ್ಲೆ ಎಂದರು. ಹಣದ ಸೊಕ್ಕಿಗಲ್ಲ, ಮಾನದ ಪ್ರಶ್ನೆಗೆ. ನನಗೆ ಆ ಹುಡುಗಿಯ ಮೇಲೆ ಅಭಿಮಾನ ಉಕ್ಕಿತು. ಆದರೆ ಗಮನಿಸಿ, ಸರ್ಕಾರದ ಐದು ಲಕ್ಷವಾಗಲಿ ಎರಡೂಕಾಲು ಕೋಟಿಯಾಗಲಿ ಬಂದದ್ದು ವಿಶ್ವಕಪ್ ಗೆದ್ದ ಮೇಲೆ. ಹತ್ತು ವರ್ಷದ ಹುಡುಗಿಗೆ ಮೊದಲ ಕಂಬ ನೆಟ್ಟುಕೊಡಲು ಯಾವ ಸರ್ಕಾರವೂ ಬರುವುದಿಲ್ಲ. ಅದು ಓಣಿಯ ಕೆಲಸ.

ಅಷ್ಟು ದೂರ ಮೈಸೂರು ಯಾಕೆ? ನಮ್ಮ ಹೆದ್ದಾರಿ ಹಿಡಿದು ಪುಣೆಯ ಕಡೆ ಹೊರಟರೆ ಬಸವಕಲ್ಯಾಣದ ಕ್ರಾಸ್ ದಾಟಿದ ಮೇಲೆ ಉಮರ್ಗಾ ಬರುತ್ತದೆ. ಅದು ನಾವು ಮೊನ್ನೆ ಮೊನ್ನೆಯವರೆಗೆ ಉಸ್ಮಾನಾಬಾದ್ ಎನ್ನುತ್ತಿದ್ದ ಧಾರಾಶಿವ ಜಿಲ್ಲೆ. 1956ರವರೆಗೆ ಬೀದರವೂ ಉಸ್ಮಾನಾಬಾದವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅದೇ ಕರಿ ಮಣ್ಣು, ಅದೇ ಬರ, ಅದೇ ಜೋಳದ ರೊಟ್ಟಿ. ಅಲ್ಲಿಯ ಒಂದು ಬಡ ಮನೆಯ ಹುಡುಗಿ ಸಾರಿಕಾ ಕಾಳೆ. ಹತ್ತಿರ ಹತ್ತಿರ ಒಂದು ದಶಕ ದಿನಕ್ಕೆ ಒಂದೇ ಹೊತ್ತು ಉಂಡು ಆಡಿದೆ ಎಂದು ಆಕೆಯೇ ಹೇಳಿಕೊಂಡಿದ್ದಾಳೆ. 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕಿ ಆಕೆ. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಖೋ-ಖೋ ಆಟಕ್ಕೆ ಆ ಪ್ರಶಸ್ತಿ ಬಂದದ್ದು 22 ವರ್ಷಗಳ ಮೇಲೆ. ನವರಾತ್ರಿಯಲ್ಲಿ ಅಂಬಾಭವಾನಿಗೆಂದು ನಮ್ಮ ಕಡೆಯ ಹೆಂಗಸರು ಬರಿಗಾಲಲ್ಲಿ ನಡೆದು ಹೋಗುವ ತುಳಜಾಪುರ ಇರುವುದೂ ಅದೇ ಜಿಲ್ಲೆಯಲ್ಲಿ. ಅಷ್ಟು ದೂರ ನಡೆಯುವ ಕಾಲುಗಳಿರುವ ಹೆಂಗಸರು ನಾವು, ಮಗಳ ಕಾಲಿಗೆ ಮಾತ್ರ ಅಂಗಳ ಸಾಕು ಎನ್ನುತ್ತೇವೆ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ನಮ್ಮ ಭಾಗವನ್ನು ಬೆಂಗಳೂರು ಕಡೆಗಣಿಸಿತು ಎಂದು ನಾವು ಎಷ್ಟು ವರ್ಷ ಕೂಗಿಲ್ಲ? ಕೂಗಿದ್ದು ನ್ಯಾಯವಾಗಿಯೇ. ಹೋರಾಡಿದ ಮೇಲೆ 371ಜೆ ಬಂತು, 2013ರಿಂದ ಓದಿನಲ್ಲಿ, ನೌಕರಿಯಲ್ಲಿ ನಮ್ಮ ಮಕ್ಕಳಿಗೆ ಮೀಸಲಾತಿ ಸಿಕ್ಕಿತು. 2017ರಲ್ಲಿ ಬೀದರ–ಕಲಬುರಗಿ ರೈಲು ಹುಮನಾಬಾದಿನ ಮೇಲೆ ಓಡಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂತು. ಬೆಂಗಳೂರಿಗೆ ನಾವು ಏನೆಂದು ಹೇಳಿದೆವು? "ಅವಕಾಶ ಕೊಡದೆ ಹಿಂದುಳಿದವರು ಎಂದು ಜರೆಯಬೇಡಿ" ಎಂದು. ಈಗ ನಮ್ಮ ಮನೆಯೊಳಗೆ ನೋಡಿ. ಹುಡುಗಿಯರಿಗೆ ಅಂಗಳ ಕೊಡದೆ, "ಅವಕ್ಕೆ ತ್ರಾಣ ಇಲ್ಲರಿ, ತಲೆ ಸುತ್ತಿ ಬೀಳ್ತಾವ" ಎನ್ನುತ್ತೇವೆ. ಬೆಂಗಳೂರು ನಮಗೆ ಮಾಡಿತು ಎಂದು ದೂರುವುದನ್ನೇ ನಾವು ಹೆತ್ತ ಮಗಳಿಗೆ ಮಾಡುತ್ತೇವೆ. ತಲೆ ಸುತ್ತುವುದು ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹರೆಯದ ಮತ್ತು ನಡುವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಅದು ಓಡಿದ್ದಕ್ಕೆ ಬಂದ ರೋಗವಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡದ್ದಕ್ಕೆ ಬಂದ ರೋಗ. ನಮ್ಮ ಗುಂಪಿನಲ್ಲಿ ಎರಡು ಹುಡುಗಿಯರಿಗೆ ತಲೆ ಸುತ್ತಿತು. ಕಲಿಸುವ ಹುಡುಗಿ ತಾಯಂದಿರನ್ನು ಕರೆದು ಶೇಂಗಾ, ಬೆಲ್ಲ, ತಪ್ಪಲ ಪಲ್ಯದ ಮಾತು ಹೇಳಿ, ದವಾಖಾನೆಗೆ ಕರೆದೊಯ್ದು ಕಬ್ಬಿಣದ ಗುಳಿಗೆ ಕೊಡಿಸಿದಳು. ಆಟಕ್ಕೆ ಬರದಿದ್ದರೆ ಆ ರೋಗ ಹೆರಿಗೆಯ ಮಂಚದವರೆಗೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಮೂರನೆಯ ಉತ್ತರ, ಮದುವೆಯದು, ನನ್ನನ್ನು ಹೆಚ್ಚು ಚುಚ್ಚುತ್ತದೆ. ಯಾಕೆಂದರೆ ಅದನ್ನು ನಾನೂ ಕೇಳಿಸಿಕೊಂಡವಳು. ಕಲ್ಯಾಣದಲ್ಲಿ ನಾನು ಏಳನೆಯ ಇಯತ್ತೆಯವರೆಗೆ ಖೋ-ಖೋ ಆಡಿದೆ. ಲಂಗ ಸೊಂಟಕ್ಕೆ ಸಿಕ್ಕಿಸಿ ಓಡಿದರೆ ಕೋಟೆಯ ಕಡೆಯಿಂದ ಬೀಸುವ ಗಾಳಿ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ದೊಡ್ಡವಳಾದ ದಿನ ಅವ್ವ ಆರತಿ ಎತ್ತಿದಳು, ಹೊಸ ಸೀರೆ ಕೊಟ್ಟಳು, ಆಟ ಕಸಿದುಕೊಂಡಳು. ಆಮೇಲೆ ನನಗೆ ಉಳಿದದ್ದು ವರ್ಷಕ್ಕೆ ಎರಡು ದಿನ. ನಾಗರ ಪಂಚಮಿಗೆ ಜೋಕಾಲಿ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಬದುವಿನ ಮೇಲೊಂದಿಷ್ಟು ಓಟ. ಉಳಿದ 363 ದಿನ ಕಾಲು ಮಡಚಿ ಕೂಡುವುದು. ಈಗ ಆ ಕಾಲುಗಳಿಗೆ ಮೆಟ್ಟಿಲು ಹತ್ತುವುದು ಕಷ್ಟ. ಅವ್ವನನ್ನು ದೂರುವುದಿಲ್ಲ, ಅವಳಿಗೂ ಯಾರೋ ಹಾಗೆಯೇ ಮಾಡಿದ್ದರು. ಆದರೆ ಈ ಸರಪಳಿಯ ಯಾವುದೋ ಒಂದು ಕೊಂಡಿಯಾದರೂ "ನನ್ನಲ್ಲಿಗೆ ಸಾಕು" ಎನ್ನಬೇಡವೆ?

"ಮದಿ ಆಗಿ ಹೋಗೋರು" ಎನ್ನುತ್ತೀರಲ್ಲ, ಹೋದ ಮನೆಯಲ್ಲಿ ಅವಳಿಗೆ ಏನು ಬೇಕಾಗುತ್ತದೆ? ಗಟ್ಟಿ ಮೈ, ಗಟ್ಟಿ ದನಿ, ಬಿದ್ದರೆ ಎದ್ದು ನಿಲ್ಲುವ ರೂಢಿ. ಖೋ-ಖೋ ಆಟದಲ್ಲಿ ಎಂಟು ಹುಡುಗಿಯರು ಸಾಲಾಗಿ ಒಬ್ಬಳು ಆ ಕಡೆ ಒಬ್ಬಳು ಈ ಕಡೆ ಮುಖ ಮಾಡಿ ಕೂತಿರುತ್ತಾರೆ, ಒಬ್ಬಳು ಅಟ್ಟಿಸಿಕೊಂಡು ಓಡುತ್ತಾಳೆ. ದಣಿದಾಗ ಕೂತವಳ ಬೆನ್ನು ಮುಟ್ಟಿ "ಖೋ" ಎನ್ನುತ್ತಾಳೆ, ಅವಳು ಎದ್ದು ಓಡುತ್ತಾಳೆ, ಇವಳು ಅವಳ ಜಾಗದಲ್ಲಿ ಕೂಡುತ್ತಾಳೆ. ನನ್ನ ಅರವತ್ತು ವರ್ಷದ ಬಾಳಿನಲ್ಲಿ ಹೆಂಗಸರು ಒಬ್ಬರ ದಣಿವನ್ನು ಒಬ್ಬರು ಹೊರುವುದನ್ನು ಇಷ್ಟು ಚೊಕ್ಕವಾಗಿ ಬೇರೆಲ್ಲೂ ನಾನು ನೋಡಿಲ್ಲ.

"ಕಾಲ ಹಂಗೈತೆ, ಸಂಜೀಗಿ ಹುಡುಗ್ಯಾರನ್ನ ಹ್ಯಾಂಗ ಬಿಡಬೇಕು?" ಎಂದು ಒಬ್ಬ ತಾಯಿ ಕೇಳಿದರು. ಆ ಅಂಜಿಕೆಯನ್ನು ನಾನು ನಗೆಗೆ ಹಚ್ಚುವುದಿಲ್ಲ, ಅದು ಖರೇ ಅಂಜಿಕೆ. ಆದರೆ ಅದಕ್ಕೆ ಮದ್ದು ಹುಡುಗಿಯನ್ನು ಒಳಗೆ ಹಾಕುವುದಲ್ಲ, ನಾವು ಹೊರಗೆ ಬರುವುದು. ಪಾಳಿಯ ಮೇಲೆ ದಿನಕ್ಕೆ ಇಬ್ಬರು ತಾಯಂದಿರು ಬಯಲ ಬದಿಗೆ ಬಂದು ಕೂತರೆ ಸಾಕು. ಸೊಪ್ಪು ಸೋಸುವುದನ್ನು ಅಲ್ಲಿಯೇ ಸೋಸಬಹುದು. ನಾಲ್ಕು ಹೆಂಗಸರು ಕೂತ ಬಯಲಿನಲ್ಲಿ ಶಿಳ್ಳೆ ಹಾಕುವ ಧೈರ್ಯ ಯಾವ ಹುಡುಗನಿಗೂ ಬರುವುದಿಲ್ಲ. ನಾನು ಕೂತು ನೋಡಿಯೇ ಹೇಳುತ್ತಿದ್ದೇನೆ.

ಅಂಗಳ ಕಸಿದುಕೊಳ್ಳುವುದು ನಮ್ಮ ಊರಿನ ರೋಗ ಮಾತ್ರವಲ್ಲ ಎಂಬುದೂ ನಿಮಗೆ ತಿಳಿದಿರಲಿ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರಿನ ಡಿಕ್, ಕೆರ್ ಕಾರ್ಖಾನೆಯ ಹೆಂಗಸರು ಫುಟ್‌ಬಾಲ್ ತಂಡ ಕಟ್ಟಿದರು. ಆಟ ಆಡಿ ಬಂದ ದುಡ್ಡನ್ನು ಗಾಯಗೊಂಡ ಸೈನಿಕರ ಆರೈಕೆಗೆ ಕೊಟ್ಟರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನಲ್ಲಿ ಅವರ ಆಟ ನೋಡಲು 53,000 ಜನ ಸೇರಿದರು. ಒಂದು ವರ್ಷವೂ ತುಂಬಲಿಲ್ಲ, 1921ರ ಡಿಸೆಂಬರಿನಲ್ಲಿ ಅಲ್ಲಿಯ ಫುಟ್‌ಬಾಲ್ ಸಂಸ್ಥೆಯ ದೊಡ್ಡವರು ಈ ಆಟ ಹೆಂಗಸರಿಗೆ ಸಲ್ಲದೆಂದು ತೀರ್ಪು ಕೊಟ್ಟು, ತಮ್ಮ ಕೈಕೆಳಗಿನ ಮೈದಾನಗಳ ಬಾಗಿಲನ್ನು ಹೆಂಗಸರಿಗೆ ಮುಚ್ಚಿದರು. ಸುಮಾರು ಐವತ್ತು ವರ್ಷ ಆ ಬಾಗಿಲು ತೆರೆಯಲಿಲ್ಲ. ಆಟವನ್ನು ನಿಷೇಧಿಸಲಿಲ್ಲ, ನೋಡಿ, ಅಂಗಳವನ್ನು ನಿಷೇಧಿಸಿದರು. ಅಷ್ಟು ಮಾಡಿದರೆ ಆಟ ತಾನೇ ಸಾಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಪ್ರೆಸ್ಟನ್ನಿನ ಹೆಂಗಸರು ಸಿಕ್ಕ ಸಿಕ್ಕ ಬಯಲಿನಲ್ಲಿ 1965ರವರೆಗೂ ತಂಡ ಉಳಿಸಿಕೊಂಡರು.

ನಮ್ಮ ದೇಶದ ಕ್ರಿಕೆಟ್ ಹೆಣ್ಣುಮಕ್ಕಳ ಕಥೆ ಬೇರೆಯೆ? 1976ರಲ್ಲಿ ಪಟ್ನಾದಲ್ಲಿ ಭಾರತದ ಹೆಂಗಸರು ಮೊದಲ ಟೆಸ್ಟ್ ಗೆದ್ದಾಗ ನಾಯಕಿ ನಮ್ಮ ಕರ್ನಾಟಕದ ಶಾಂತಾ ರಂಗಸ್ವಾಮಿ. ರಿಸರ್ವೇಶನ್ ಇಲ್ಲದ ರೈಲು ಡಬ್ಬಿಯಲ್ಲಿ ಕೂತು, ಡಾರ್ಮಿಟರಿಯ ನೆಲದ ಮೇಲೆ ಮಲಗಿ ಆಡಿದ ತಲೆಮಾರು ಅದು. 1982ರ ವಿಶ್ವಕಪ್ಪಿಗೆ ನ್ಯೂಜಿಲೆಂಡಿಗೆ ಹೋಗಲು ಆಟಗಾರ್ತಿಯರೇ ತಲಾ 10,000 ರೂಪಾಯಿ ಹೊಂದಿಸಬೇಕಾಯಿತು. ಮುಂದೆ ಒಂದು ಕಾಲಕ್ಕೆ ನಟಿ ಮಂದಿರಾ ಬೇಡಿ ವಜ್ರದ ಒಡವೆಯ ಜಾಹೀರಾತಿನ ತನ್ನ ಸಂಭಾವನೆಯನ್ನೇ ತಂಡದ ವಿಮಾನದ ಟಿಕೆಟ್ಟಿಗೆ ಕೊಟ್ಟಳು. 2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯಲ್ಲಿ ನಮ್ಮವರು ದಕ್ಷಿಣ ಆಫ್ರಿಕವನ್ನು ಮಣಿಸಿ ವಿಶ್ವಕಪ್ ಎತ್ತಿದಾಗ ನಮ್ಮ ಓಣಿಯಲ್ಲಿಯೂ ಪಟಾಕಿ ಹಾರಿದವು. ಪಟಾಕಿ ಹಚ್ಚಿದ ಮನೆಗಳಲ್ಲೇ ನನಗೆ ಈ ಸಲ ದುಡ್ಡು ಹುಟ್ಟಲಿಲ್ಲ! ಟಿವಿಯ ಹುಡುಗಿ ಗೆಲ್ಲಬೇಕು, ನಮ್ಮ ಹುಡುಗಿ ಮುಸುರೆ ತಿಕ್ಕಬೇಕು.

ಹಾಗಾದರೆ ಊರು ಮನಸ್ಸು ಮಾಡಿದರೆ ಏನಾಗುತ್ತದೆ? ಕೊಡಗನ್ನು ನೋಡಿ. 1997ರಲ್ಲಿ ಕರಡ ಎಂಬ ಹಳ್ಳಿಯಲ್ಲಿ 60 ಕೊಡವ ಮನೆತನಗಳ ತಂಡಗಳಿಂದ ಹಾಕಿ ಹಬ್ಬ ಶುರುವಾಯಿತು. ವರ್ಷಕ್ಕೊಂದು ಮನೆತನ ಮುಂದೆ ನಿಂತು ಹಬ್ಬದ ಹೊಣೆ ಹೊರುತ್ತದೆ. ಹೆಂಗಸರೂ ಮನೆತನದ ತಂಡದಲ್ಲಿ ಹೆಸರು ಕೊಟ್ಟು ಕೋಲು ಹಿಡಿದು ಇಳಿಯುತ್ತಾರೆ. 2018ರಲ್ಲಿ ಗುಡ್ಡ ಕುಸಿದು ಜಿಲ್ಲೆಯೇ ತತ್ತರಿಸಿತು, ಆ ಬೆನ್ನಿಗೆ ಕೋವಿಡ್ ಬಂತು, ಕೆಲವು ವರ್ಷ ಹಬ್ಬ ನಿಂತೇಹೋಯಿತು. 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಎದ್ದಿತು. 2024ರಲ್ಲಿ 360 ಮನೆತನಗಳು ತಂಡ ಕಳಿಸಿದವು. ಪೆಟ್ಟು ತಿಂದ ಮೇಲೆ ಮೊದಲಿಗಿಂತ ದೊಡ್ಡದಾಗಿ ಎದ್ದದ್ದು ಯಾಕೆ? ಆಟ ಯಾರೋ ಕೆಲವರ ಚಟವಲ್ಲ, ಮನೆಯ ಮಾನ ಎಂದು ಪ್ರತಿ ಮನೆಯೂ ತಿಳಿದದ್ದರಿಂದ. ಅವರದು ಕಾಫಿಯ ನಾಡು, ದುಡ್ಡಿದೆ ಎನ್ನಬೇಡಿ. ನಾವು ಕೇಳುತ್ತಿರುವುದು ಹಾಕಿಯ ಮೈದಾನವಲ್ಲ. ಮೂವತ್ತು ಮೀಟರು ಕೂಡ ಉದ್ದವಿಲ್ಲದ, ಹದಿನಾರು ಮೀಟರು ಅಗಲದ ಒಂದು ಅಂಗಳ, ಎರಡು ಕಂಬ. ಇದಕ್ಕಿಂತ ಅಗ್ಗದ ಆಟವನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಕಲ್ಯಾಣಕ್ಕೆ ಹೋದೆ. ತಂಗಿಯ ಮನೆಯಲ್ಲಿ ಭಿಶಿ ಇತ್ತು. ಇಪ್ಪತ್ತು ಹೆಂಗಸರು, ಚೀಟಿ ಎತ್ತುವ ಸಂಭ್ರಮ. ನಾನು ರಸೀದಿ ಪುಸ್ತಕ ತೆಗೆದೆ. ಗದ್ದಲವೇ ಆಯಿತು. ದುಡ್ಡಿನ ಮಾತು ಮುಗಿದ ಮೇಲೆ ನಿಜವಾದ ಮಾತು ಹೊರಬಿತ್ತು. ಒಬ್ಬಾಕೆ ಹೇಳಿದಳು: "ನೂರು ರೂಪಾಯಿ ಕೊಡ್ತೀನ್ರಿ ಅಕ್ಕಾ, ಆದ್ರ ಮಗಳಿಗಿ ಕಳಸಂಗಿಲ್ಲ. ಸಂಜೀ ಹೊತ್ತು ನಳ ಬರ್ತದ. ನೀರು ತುಂಬೋರು ಯಾರು?" ಆ ಮನೆಯಲ್ಲಿ ಮಗನೂ ಇದ್ದಾನೆ, ಆ ಹೊತ್ತಿಗೆ ಕ್ರಿಕೆಟ್ಟಿಗೆ ಹೋಗಿರುತ್ತಾನೆ. ನಾನು ಕೇಳಿದೆ: "ಮಗನ ಕೈಗೆ ಕೊಡ ಹಿಡಿಯಲು ಬರುವುದಿಲ್ಲವೇನು?" ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಾ ವಿಚಾರ ಮಾಡಿದ್ದೇ ಇಲ್ಲ" ಎಂದಳು.

ಅಂದು ನನಗೂ ಹೊಳೆಯಿತು. ತಂತಿ ಬೇಲಿ ಹಾಕಿದವನ ಮೇಲೆ ನಾನು ಒಂದು ತಿಂಗಳು ಸಿಟ್ಟಾಗಿದ್ದೆ. ಆದರೆ ಅವನಿಗಿಂತ ಮೊದಲೇ ನಮ್ಮ ಹೊಸ್ತಿಲುಗಳಲ್ಲಿ ಬೇಲಿ ಇತ್ತು. ನಲ್ಲಿ ಬರುವ ದಿನ ನಮ್ಮ ಗುಂಪಿನ ಅರ್ಧ ಹುಡುಗಿಯರು ಯಾವಾಗಲೂ ಗೈರುಹಾಜರು. ಪಾವ್ಣೇರು ಬಂದ ದಿನ ಗೈರುಹಾಜರು. ತಮ್ಮನ ಪರೀಕ್ಷೆಯ ದಿನಗಳಲ್ಲಿ ಕೂಡ ಗೈರುಹಾಜರು, ಚಹಾ ಮಾಡಿ ಕೊಡಬೇಕಲ್ಲ! ಜಾಗ ಹೋದದ್ದು ಈ ಜೂನಿನಲ್ಲಿ. ಹೊತ್ತು ಹೋದದ್ದು ತಲೆಮಾರುಗಳ ಹಿಂದೆ. ನಾಳೆ ಯಾವ ಪುಣ್ಯಾತ್ಮನೋ ಬಂದು ಎಕರೆ ಜಾಗ ಬಿಟ್ಟುಕೊಟ್ಟರೂ, ಸಂಜೆಯ ಆ ಒಂದು ಗಂಟೆಯನ್ನು ನಾವು ಬಿಟ್ಟುಕೊಡದಿದ್ದರೆ ಅಲ್ಲಿ ಹುಲ್ಲು ಬೆಳೆಯುತ್ತದೆ.

ಆದ್ದರಿಂದ ನನ್ನ ಬೇಡಿಕೆ ಎರಡು ಬಗೆಯದು. ಊರ ಹಿರಿಯರಿಗೆ, ಪುರಸಭೆ ನಗರಸಭೆಗಳಿಗೆ ಹೇಳುವುದು ಇಷ್ಟು: ಹೊಸ ಬಡಾವಣೆ ಬೀಳುವಾಗ ನಕ್ಷೆಯಲ್ಲಿ ಆಟಕ್ಕೆಂದು ತೋರಿಸಿದ ಜಾಗವನ್ನು ಆಟಕ್ಕೇ ಉಳಿಸಿ, ಶಾಲೆಯ ಬಯಲಿನ ಬೀಗವನ್ನು ಸಂಜೆ ಒಂದು ಗಂಟೆ ತಡವಾಗಿ ಹಾಕಿಸಿ, ಕೀಲಿಕೈಯ ಹೊಣೆ ತಾಯಂದಿರ ಕೈಗೆ ಕೊಡಿ. ವ್ಯಾಪಾರಿಗಳಿಗೆ: ಕ್ರಿಕೆಟ್ ಕಪ್ಪಿಗೆ ಹೆಸರು ಹಾಕಿಸುವ ನೀವು ಎರಡು ಕಂಬಕ್ಕೂ ಹೆಸರು ಹಾಕಿಸಿ, ನಮ್ಮ ಅಡ್ಡಿಯಿಲ್ಲ. ಆದರೆ ನಿಮಗೆ, ಅಕ್ಕ-ತಂಗಿಯರೇ, ನಾನು ಮೊದಲು ದುಡ್ಡು ಕೇಳುವುದಿಲ್ಲ. ಆ ಒಂದು ಗಂಟೆ ಕೊಡಿ. ಕೊಡವನ್ನು ಮಗನ ಕೈಗೆ ಕೊಡಿ. ಪಾಳಿಯ ದಿನ ಬಯಲಿಗೆ ಬಂದು ಕೂಡಿ. ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಕರೆದಾಗ ಸ್ಟೀಲಿನ ಡಬ್ಬಿ ಹಂಚುವ ಬದಲು ಆ ದುಡ್ಡನ್ನು ಹುಡುಗಿಯರ ಬಸ್ಸಿನ ಖರ್ಚಿಗೆ ಹಾಕಿ. ನಿಮ್ಮ ಕಪಾಟಿನಲ್ಲಿ ಅಂಥ ಡಬ್ಬಿ ಎಷ್ಟಿವೆ ಎಂದು ನನಗೆ ಗೊತ್ತು, ನನ್ನ ಕಪಾಟಿನಲ್ಲೂ ಅಷ್ಟೇ ಇವೆ.

ರಸೀದಿ ಪುಸ್ತಕದ ಮೊದಲ ಹಾಳೆ ಯಾರದು ಎಂದು ಹೇಳಿ ಮುಗಿಸುತ್ತೇನೆ. ದೊಡ್ಡ ಮನೆಗಳನ್ನೆಲ್ಲ ಮುಗಿಸಿ ಬರಿಗೈಯಲ್ಲಿ ತಿರುಗಿ ಬರುವಾಗ, ಓಣಿಯ ಮೂಲೆಯಲ್ಲಿ ಕಾಯಿಪಲ್ಯ ಮಾರುವ ಮುದುಕಿ, "ಏನು ಬಾಯಿ, ಏನು ಬರ್ಕೊಳ್ಳಕತ್ತೀರಿ?" ಎಂದಳು. ಹೇಳಿದೆ. ಚೀಲದಿಂದ ಇಪ್ಪತ್ತು ರೂಪಾಯಿ ತೆಗೆದು ಕೈಗಿಟ್ಟಳು. "ನಾನೂ ಸಣ್ಣಾಕಿದ್ದಾಗ ಭಾಳ ಓಡ್ತಿದ್ದೆ" ಎಂದಳು. ರಸೀದಿ ಹರಿದು ಕೊಡಲು ಹೋದರೆ ಬೇಡ ಎಂದಳು. ನಾನು ಒತ್ತಾಯ ಮಾಡಿ ಕೊಟ್ಟೆ, ಇದು ಭಿಕ್ಷೆಯಲ್ಲ, ಲೆಕ್ಕ ಎಂದೆ. ಈಗ ಹುಡುಗಿಯರು ಆಕೆಯ ಗುಡಿಸಲಿನ ಹಿಂದಿನ ಸಣ್ಣ ಬಯಲಿನಲ್ಲಿಯೇ ಆಡುತ್ತಿದ್ದಾರೆ. ಅಳತೆಗೆ ಅದು ಸಾಲದು, ಒಂದು ಕಂಬ ಬೇವಿನ ಮರದ್ದೇ. ಮಳೆ ಬಂದರೆ ಆಟವಿಲ್ಲ. ರಸೀದಿ ಪುಸ್ತಕದಲ್ಲಿ ಇನ್ನೂ ಹಾಳೆಗಳಿವೆ. ಶ್ರಾವಣದ ಪಟ್ಟಿಗೆ ನಾನು ಈ ಸಲ ಬರುವುದಿಲ್ಲ, ಇದಕ್ಕೇ ಮತ್ತೊಮ್ಮೆ ಬರುತ್ತೇನೆ. ಚಹಾ ಮಾಡದಿದ್ದರೂ ನಡೆದೀತು.